ನನ್ನ ಹೆಸರಿನ ಮಾತ್ರೆ

ಪ್ರತಿಭಾಗೆ ಬೆನ್ನು ನೋವು ಬಂದಾಗ ಮನೆ ಬಾಗಿಲಿಗೆ ಕಾರು ಬಂತು. ನನಗೆ ಬೆನ್ನು ನೋವು ಬಂದಾಗ ಬುಟ್ಟಿ ಬದಲಾಯಿಸಿ ಕೊಟ್ಟರು. ದೊಡ್ಡ ಬುಟ್ಟಿಯ ಬದಲು ಸಣ್ಣ ಬುಟ್ಟಿ. ನನಗೆ ಸಿಕ್ಕ ಮದ್ದು ಅಷ್ಟೇ.

ನನಗೆ ಅವಳ ಮೇಲೆ ಹೊಟ್ಟೆಕಿಚ್ಚು. ಅದು ಇವತ್ತಿನದಲ್ಲ. ನಮ್ಮೂರು ಶಿರಸಿ ತಾಲೂಕಿನಲ್ಲಿ ಬನವಾಸಿ ಹತ್ತಿರದ ಹಳ್ಳಿ. ಊರ ಶಾಲೆಯಲ್ಲಿ ನಾವಿಬ್ಬರೂ ಏಳನೇ ಇಯತ್ತೆಯವರೆಗೆ ಒಂದೇ ಕೋಣೆಯಲ್ಲಿ ಕೂತವರು. ಅವಳು ದೊಡ್ಡ ಮನೆಯ ಒಬ್ಬಳೇ ಮಗಳು, ಮುಂದಿನ ಸಾಲು. ನಾನು ಕೇರಿಯ ತಿಮ್ಮಿ, ಬಾಗಿಲ ಹತ್ತಿರ, ಚಪ್ಪಲಿಗಳ ಪಕ್ಕ. ಆಮೇಲೆ ಅವಳು ಶಿರಸಿಗೆ ಕಾಲೇಜಿಗೆ ಹೋದಳು. ನಾನು ಅವಳ ಅಪ್ಪನ ಅನಾನಸು ತೋಟಕ್ಕೆ ಹೋದೆ. ಅವಳಿಗೆ ಗಂಡನನ್ನು ಮನೆಗೇ ತಂದರು. ಆ ಮನೆ ಅಳಿಯ ಮಧುಕೇಶ್ವರ ಈಗ ತೋಟದ ಯಜಮಾನ. ನನ್ನ ಗಂಡ ಬೀರ ಅದೇ ತೋಟದ ಆಳು. ನಮ್ಮ ಗುಡಿಸಲು ನಿಂತಿರುವುದೂ ಅವರ ಜಾಗದಲ್ಲೇ.

ಅನಾನಸಿನ ಎಲೆ ಗರಗಸ ಇದ್ದ ಹಾಗೆ. ಗಂಡಸರ ಹಳೇ ತುಂಬುತೋಳಿನ ಅಂಗಿ ತೊಟ್ಟು, ಕಾಲಿಗೆ ಗೋಣಿಚೀಲ ಸುತ್ತಿಕೊಂಡು ಒಳಗೆ ಇಳಿಯಬೇಕು. ಬಗ್ಗಿ ಕೊಯ್ಯಬೇಕು. ಬುಟ್ಟಿ ತುಂಬಿ, ತಲೆ ಮೇಲೆ ಹೊತ್ತು, ಟ್ರ್ಯಾಕ್ಟರಿನವರೆಗೆ ನಡೆಯಬೇಕು. ಸಂಜೆಗೆ ತೋಳೆಲ್ಲ ಬೆಕ್ಕು ಪರಚಿದ ಹಾಗೆ ಗೀರು. ಬೆವರು ತಾಗಿದರೆ ಉರಿ. ಈ ಹಣ್ಣಿಗೆ ಕೃಷಿ ಮೇಳದಲ್ಲಿ ಮಧುಕೇಶ್ವರನಿಗೆ ಶಾಲು ಹೊದಿಸಿದರು. ಫೋಟೊದಲ್ಲಿ ಅವನು ಹಣ್ಣು ಹಿಡಿದು ನಿಂತಿದ್ದಾನೆ. ಹಣ್ಣಿನ ಮೇಲೂ ಗೀರಿಲ್ಲ, ಅವನ ಕೈ ಮೇಲೂ ಇಲ್ಲ.

ಬೆನ್ನು ನೋಯುತ್ತದೆ ಅಂದರೆ ಯಾರು ನಂಬುತ್ತಾರೆ? ಕೆಲಸದವರ ಬೆನ್ನು ನೋಯಬೇಕಾದದ್ದೇ. ಪ್ರತಿಭಾಳ ತಾಯಿ ಕಲ್ಲವ್ವ ಹಿತ್ತಲಲ್ಲಿ ನಿಂತು ಹೇಳಿದಳು.

"ಹಣ್ಣ ಕೊಯ್ಯೂ ಹೊತ್ತಿಗೇ ನಿನ್ನ ಬೆನ್ನ ನೋಯ್ತದ ನೋಡು. ಜಾತ್ರಿಗೆ ಹೊಂಟಾಗ ನೋಯಂಗಿಲ್ಲ."

ಒಂದು ದಿನ ಬುಟ್ಟಿ ಎತ್ತುವಾಗ ಬೆನ್ನೊಳಗೆ ಒಣ ಕಡ್ಡಿ ಮುರಿದ ಸದ್ದಾಯಿತು. ಅಲ್ಲೇ ಎಲೆಗಳ ಮೇಲೆ ಬಿದ್ದೆ. ಬೀರ ನನ್ನನ್ನು ಹಣ್ಣಿನ ಗಾಡಿಯಲ್ಲಿ ಮಲಗಿಸಿಕೊಂಡು ಶಿರಸಿಯ ಸರ್ಕಾರಿ ಆಸ್ಪತ್ರೆಗೆ ಒಯ್ದ. ಅಲ್ಲಿಯ ಡಾಕ್ಟರಮ್ಮ ನನ್ನ ಕಣ್ಣಿನ ರೆಪ್ಪೆ ಎಳೆದು ನೋಡಿ, ರಕ್ತ ತೆಗೆಸಿ, ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿ ಸೊಂಟದ ಎಲುಬಿಗೆ ದಪ್ಪ ಸೂಜಿ ಚುಚ್ಚಿದರು. ರೋಗ ಗೊತ್ತಾಯಿತು. ರಕ್ತದ ಕ್ಯಾನ್ಸರ್. ಎಲುಬಿನ ಮಜ್ಜೆಯಲ್ಲಿ ಹುಟ್ಟಿ ಎಲುಬನ್ನು ಒಳಗಿನಿಂದ ತಿನ್ನುವಂಥದ್ದು.

ಪ್ರತಿಭಾಗೂ ಅದೇ. ಅವಳಿಗೆ ಕೆಲವು ತಿಂಗಳ ಮೊದಲೇ ಗೊತ್ತಾಗಿತ್ತು.

ಇದನ್ನು ಕೇಳಿ ಕಲ್ಲವ್ವ ಮುಖ ಸಿಂಡರಿಸಿದಳು.

"ಅದು ಪ್ರತಿಭಾಗ ಬಂದ ರೋಗ. ನಿನಗ ಹೆಂಗ ಬರ್ತದ? ಡಾಕ್ಟರ್ ತಪ್ಪ ಹೇಳ್ಯಾನ."

ಅವರ ಮನೆಯಿಂದ ಏನೋ ಕದ್ದುಕೊಂಡು ಬಂದವಳನ್ನು ನೋಡುವ ಹಾಗೆ ನನ್ನ ನೋಡಿದಳು.

ಮೊದಲ ಸಲ ಇಬ್ಬರಿಗೂ ಔಷಧ ನಾಟಿತು. ನನಗೆ ಸರ್ಕಾರದ ಕಾರ್ಡಿನ ಮೇಲೆ, ಅವಳಿಗೆ ಸ್ವಂತ ಕೋಣೆಯಲ್ಲಿ. ಇಬ್ಬರ ಕೂದಲೂ ಉದುರಿ ಮತ್ತೆ ಬಂತು. ಅವಳದು ಗುಂಗುರಾಗಿ ಬಂತು. ಅದಕ್ಕೂ ನನಗೆ ಹೊಟ್ಟೆಕಿಚ್ಚಾಯಿತು. ಆಮೇಲೆ ರೋಗ ಮರಳಿ ಬಂತು. ಅವಳಿಗೂ ಬಂತು, ನನಗೂ ಬಂತು.

ಆಗಲೇ ಹುಬ್ಬಳ್ಳಿಯಲ್ಲಿ ಉಲ್ಲಾಸ ಡಾಕ್ಟರು ನಮ್ಮನ್ನು ಕೂರಿಸಿ ಹೇಳಿದ್ದು. ಅಲ್ಲಿ ಮಾತ್ರ ನಾನೂ ಕುರ್ಚಿಯಲ್ಲೇ ಕೂರುತ್ತಿದ್ದೆ.

"ಮರಳಿ ಬಂದ ಕಾಯಿಲೆಗೆ ಒಂದು ಹೊಸ ಮಾತ್ರೆ ಬಂದಿದೆ. ಅದು ಹಳೆಯದಕ್ಕಿಂತ ಒಳ್ಳೆಯದೋ ಅಲ್ಲವೋ ನಮಗೂ ಗೊತ್ತಿಲ್ಲ. ಗೊತ್ತಿಲ್ಲ ಅಂತಲೇ ಪರೀಕ್ಷೆ. ಅರ್ಧ ಜನಕ್ಕೆ ಹಳೇ ಇಂಜೆಕ್ಷನ್ ಮಾತ್ರ. ಉಳಿದವರಿಗೆ ಇಂಜೆಕ್ಷನ್ ಜೊತೆಗೆ ಹೊಸ ಮಾತ್ರೆ. ಯಾರು ಹೆಚ್ಚು ಗುಣವಾಗುತ್ತಾರೆ ಅಂತ ಎರಡು ಗುಂಪನ್ನೂ ಹೋಲಿಸಿ ನೋಡುತ್ತೇವೆ. ಯಾರು ಯಾವ ಗುಂಪು ಅಂತ ಆರಿಸುವುದು ನಾನಲ್ಲ, ಕಂಪ್ಯೂಟರ್. ಬೇಡ ಅಂದರೆ ಬಿಡಬಹುದು. ಬಿಟ್ಟರೂ ನಿಮ್ಮ ಚಿಕಿತ್ಸೆ ನಿಲ್ಲುವುದಿಲ್ಲ."

ನಾನು ಒಪ್ಪಿದೆ. ಪ್ರತಿಭಾಳೂ ಒಪ್ಪಿದಳು. ಕಂಪ್ಯೂಟರ್ ಹೊಸ ಮಾತ್ರೆ ನನಗೆ ಕೊಟ್ಟಿತು. ಅವಳಿಗೆ ಹಳೇ ಇಂಜೆಕ್ಷನ್ ಮಾತ್ರ.

ಮಾತ್ರೆ ಕೊಡುವವಳು ಯಲ್ಲಾಪುರದ ಹುಡುಗಿ, ಚೇತನಾ. ಅವಳು ನನ್ನನ್ನು ಕರೆದದ್ದು "ತಿಮ್ಮವ್ವ ಅವರೇ" ಅಂತ. ನಾನು ತಿರುಗಿ ನೋಡಲಿಲ್ಲ. ಯಾರನ್ನೋ ಕರೆಯುತ್ತಿದ್ದಾಳೆ ಅಂದುಕೊಂಡೆ. ಬೀರ ಮೊಣಕೈಯಲ್ಲಿ ತಿವಿದ.

"ಹೋಗ, ನಿನ್ನ ಕರ್ಯಾಕತ್ತಾರ."

ಡಬ್ಬಿಯ ಮೇಲೆ ಚೇತನಾ ನನ್ನ ಹೆಸರನ್ನು ಕನ್ನಡದಲ್ಲಿ ಬರೆದಳು. "ಇದು ನಿಮ್ಮದು ಮಾತ್ರ. ಬೇರೆಯವರು ಎಂತಕ್ಕೂ ಮುಟ್ಟೋ ಹಾಗಿಲ್ಲ. ನೀವೂ ಒಂದು ದಿನ ತಪ್ಪಿಸೋ ಹಾಗಿಲ್ಲ" ಅಂದಳು. ಬೇರೆಯವರು ಮುಟ್ಟಬಾರದು ಅಂತ ನನ್ನ ಹತ್ತಿರ ಇದ್ದ ಮೊದಲ ವಸ್ತು ಅದು.

ದೊಡ್ಡ ಮನೆಯವರಿಗೆ ಆಗ ಬೇಜಾರಾಗಲಿಲ್ಲ. ಖುಷಿಯಾಯಿತು. ಮಧುಕೇಶ್ವರ ಹುಬ್ಬಳ್ಳಿಯ ಆಸ್ಪತ್ರೆ ಕಾರಿಡಾರಿನಲ್ಲೇ ಬೀರನ ಬೆನ್ನಿಗೆ ತಟ್ಟಿದ. ಅವನು ನಮ್ಮವರನ್ನು ಮುಟ್ಟಿದ್ದು ನಾನು ಅವತ್ತೇ ನೋಡಿದ್ದು.

"ಹೊಸಾ ಮದ್ದ ಮೊದಲ ಇಲಿಗೆ ಕೊಡ್ತಾರಂತ. ಆಮ್ಯಾಲೆ ಮಂಗ್ಯಾಗ. ಆಮ್ಯಾಲೆ ನಮ್ಮ ತಿಮ್ಮಿಗೆ. ಎಲ್ಲಾ ಸರಿ ಆದಮ್ಯಾಲೆ ನಮಗ. ಬರೋಬರಿ ಐತಿ."

ಬೀರ ನಕ್ಕ. ಯಜಮಾನ ಹೇಳಿದ ಮಾತಿಗೆ ಅವನು ನಗುವುದೇ ರೂಢಿ. ನಾನು ನಗಲಿಲ್ಲ.

ಹೊಸ ಮಾತ್ರೆ ನುಂಗುವುದರಿಂದ ಪ್ರತಿಭಾ ತಪ್ಪಿಸಿಕೊಂಡಳು ಅಂತ ಅವರು ಹರಕೆ ತೀರಿಸಿದರು. ಯಲ್ಲಾಪುರದ ಕಡೆ ಚಂದಗುಳಿಯ ಗಂಟಿಗಣಪನಿಗೆ ಒಂದು ಹಿತ್ತಾಳೆ ಗಂಟೆ ಕಟ್ಟಿ ಬಂದರು. ಅಲ್ಲಿ ಸಾವಿರಾರು ಗಂಟೆ ತೂಗುತ್ತವೆ. ಎಲ್ಲ ಯಾರದೋ ಆಸೆ ಕೈಗೂಡಿದ್ದಕ್ಕೆ ಕಟ್ಟಿದವು. ಅದರಲ್ಲಿ ಒಂದು ಗಂಟೆ, ಪರೀಕ್ಷೆ ತಿಮ್ಮಿಯ ಮೈಮೇಲೆ ಬಿತ್ತು ಅನ್ನುವ ಖುಷಿಗೆ ಕಟ್ಟಿದ್ದು. ಪ್ರಸಾದ ನನಗೂ ಕಳಿಸಿದರು. ಕೋಳಿಗೆ ಹಾಕಿದೆ.

ಮೊದಮೊದಲು ಮಾತ್ರೆ ನನ್ನನ್ನು ಕೊಂದೇ ಹಾಕಿತು. ವಾಂತಿ, ನೀರುಭೇದಿ, ಬಾಯಿ ತುಂಬ ಕಬ್ಬಿಣ ನೆಕ್ಕಿದ ರುಚಿ. ಅನ್ನದ ವಾಸನೆಗೆ ಓಡಿಹೋಗುತ್ತಿದ್ದೆ. ದೊಡ್ಡ ಮನೆಯಿಂದ ಯಾರೂ ಇಣುಕಲಿಲ್ಲ. ಮಳೆಗಾಲ ಕಳೆಯುವ ಹೊತ್ತಿಗೆ ಬೆನ್ನಿನ ನೋವು ಸಡಿಲವಾಯಿತು. ಒಂದು ಬೆಳಿಗ್ಗೆ ಗೋಡೆ ಹಿಡಿಯದೆ ಎದ್ದೆ. ಆಮೇಲೆ ಒಂದು ದಿನ ಬೋರಿನಿಂದ ಒಂದು ಕೊಡ ನೀರು ತಂದೆ. ಸೊಂಟದ ಮೇಲೆ, ಮೊದಲಿನ ಹಾಗೆ.

ಬೋರಿನಿಂದ ಕೇರಿಗೆ ಬರುವ ದಾರಿ ದೊಡ್ಡ ಮನೆಯ ಹಿಂದಿನ ಕಿಟಕಿಯ ಕೆಳಗೆ ಹಾಯುತ್ತದೆ. ಕಿಟಕಿಯಲ್ಲಿ ಪ್ರತಿಭಾ ಇದ್ದಳು. ದಿಂಬಿಗೆ ಒರಗಿ ಕೂತಿದ್ದಳು. ಕುತ್ತಿಗೆಗೆ ಪಟ್ಟಿ. ಅವಳ ಕಣ್ಣು ನನ್ನ ಮುಖದ ಮೇಲಿರಲಿಲ್ಲ. ಸೊಂಟದ ಮೇಲಿನ ಕೊಡದ ಮೇಲಿತ್ತು.

ಆ ನೋಟ ನನಗೆ ಚೆನ್ನಾಗಿ ಗೊತ್ತು. ಹುಟ್ಟಿದಾಗಿನಿಂದ ನಾನು ಅವಳನ್ನು ನೋಡಿದ್ದು ಅದೇ ನೋಟದಲ್ಲಿ. ಈಗ ಅದು ತಿರುಗಿ ನನ್ನ ಮೇಲೆ ಬಿದ್ದಿತ್ತು. ನನ್ನ ಜನ್ಮದಲ್ಲಿ ಯಾರೂ ನನ್ನ ಮೇಲೆ ಹೊಟ್ಟೆಕಿಚ್ಚು ಪಟ್ಟಿರಲಿಲ್ಲ. ಅದರ ರುಚಿ ಜೇನಿನ ಹಾಗಿತ್ತು. ಸುಳ್ಳು ಯಾಕೆ ಹೇಳಲಿ. ಕೊಡ ಇಳಿಸಿ, ಸೆರಗು ಸರಿ ಮಾಡಿಕೊಂಡು, ಮತ್ತೆ ಎತ್ತಿಕೊಂಡು ನಿಧಾನ ನಡೆದೆ.

ಕೆಡಿಸಿದವನು ಬೀರ. ಅವನಿಗೆ ಕೆಟ್ಟ ಬುದ್ಧಿ ಇರಲಿಲ್ಲ. ರೂಢಿ ಇತ್ತು. ನಮ್ಮ ಕೇರಿಯಲ್ಲಿ ಹೊಸದಾಗಿ ಏನೇ ಬಂದರೂ ಮೊದಲು ದೊಡ್ಡ ಮನೆಗೆ ತೋರಿಸಬೇಕು. ಕಾಡಿಗೆ ಹೋಗಿ ಜೇನು ಇಳಿಸಿದರೆ ತುಪ್ಪ ತುಂಬಿದ ಮೊದಲ ಹಲ್ಲೆ ಅಲ್ಲಿಗೆ. ಅಣಬೆ ಸಿಕ್ಕರೆ ಮೊದಲ ಬೊಗಸೆ ಅಲ್ಲಿಗೆ. ನಾವು ಮುಟ್ಟಿದ ಅನ್ನ ಅವರಿಗೆ ಬೇಡ. ನಾವು ಮರ ಹತ್ತಿ, ಹುಳದ ಕೈಲಿ ಕಚ್ಚಿಸಿಕೊಂಡು ತಂದ ಜೇನು ಬೇಕು. ಬೀರನ ಅಪ್ಪ ಹಾಗೆ ಮಾಡಿದ, ಬೀರನೂ ಮಾಡಿದ. ಹುಬ್ಬಳ್ಳಿಯಿಂದ ಮುಂದಿನ ಡಬ್ಬಿ ತಂದ ದಿನ ಅವನ ಕಾಲು ತಾನಾಗಿ ಆ ಕಡೆ ಹೋಯಿತು.

"ನೋಡ್ರಿ ಅವ್ವಾರ, ಇದ ಆ ಮಾತ್ರಿ. ನಮ್ಮಾಕಿ ಈಗ ನೀರ ತರ್ತಾಳ" ಅಂತ ಹೇಳಿ ಡಬ್ಬಿ ಕಟ್ಟೆಯ ಮೇಲಿಟ್ಟ. ಕಲ್ಲವ್ವ ಅದನ್ನು ಎತ್ತಿಕೊಂಡಳು. ತಿರುಗಿ ಕೊಡಲಿಲ್ಲ.

"ನಿಮ್ಮ ಗುಡಿಸಲದಾಗ ಇಲಿ ಅದಾವು. ಸೂರು ಸೋರ್ತದ. ಇಂಥಾ ದೊಡ್ಡ ಔಷಧ ಅಲ್ಲಿ ಇಡಬಾರದು. ಇಲ್ಲಿ ಕಪಾಟಿನ್ಯಾಗ ಇರಲಿ. ದಿನಾ ಬಂದು ಒಂದ ಒಯ್ಯಲಿ ತಿಮ್ಮಿ."

ಬೀರ ಬರಿಗೈಯಲ್ಲಿ ಬಂದ.

"ಎಲ್ಲಿ ಡಬ್ಬಿ?"

"ಅವ್ವಾರ ಕಪಾಟಿನ್ಯಾಗ ಇಟ್ಟಾರ. ನಮ್ಮ ಒಳ್ಳೇದಕ್ಕ."

"ನಿನ್ನ ಹೆಂಡ್ತಿನೂ ಅಲ್ಲೇ ಇಟ್ಟ ಬರಬೇಕಿತ್ತು."

"ಜಾಗ ಅವರದು ತಿಮ್ಮಿ. ನಾಳೆ ಗುಡಿಸಲ ಕಿತ್ತ ಒಗಿ ಅಂದ್ರ ಏನ ಮಾಡ್ತಿ?"

ಮರುದಿನದಿಂದ ನಾನು ಹಿತ್ತಲಿಗೆ ಹೋಗತೊಡಗಿದೆ. ಮಾತ್ರೆ ಖಾಲಿ ಹೊಟ್ಟೆಗೆ ನುಂಗಬೇಕು. ಬೆಳಿಗ್ಗೆ ಹೋಗಿ ಹಿತ್ತಲ ಬಾಗಿಲ ಹೊರಗೆ ನಿಲ್ಲುತ್ತಿದ್ದೆ. ಅವರ ಪೂಜೆ ಮುಗಿಯಬೇಕು. ಚಹಾ ಆಗಬೇಕು. ಆಮೇಲೆ ಕಲ್ಲವ್ವ ಬಂದು, ಪಾತ್ರೆ ತೊಳೆಯುವ ಕಲ್ಲಿನ ಮೇಲೆ ಕಾಗದದ ಚೂರಲ್ಲಿ ಮಾತ್ರೆ ಇಟ್ಟು ಹಿಂದೆ ಸರಿಯುತ್ತಿದ್ದಳು. ನನ್ನ ಜೀವ ಉಳಿಸುವ ಮಾತ್ರೆಯನ್ನು ಎಂಜಲ ಪಾತ್ರೆಗಳ ನಡುವಿನಿಂದ ನಾನು ಹೆಕ್ಕಿಕೊಳ್ಳಬೇಕಿತ್ತು. ಹೆಕ್ಕಿಕೊಂಡೆ. ಹೊಟ್ಟೆ ಹಸಿದಾಗ ಹೆಕ್ಕಿ ತಿಂದ ಕೈ ಇದು.

ಒಳಗಿನಿಂದ ಕಪಾಟು ತೆಗೆಯುವ ಸದ್ದು ಕೇಳುತ್ತಿತ್ತು. ಡಬ್ಬಿ ಅಲ್ಲಾಡುವ ಸದ್ದೂ ಕೇಳುತ್ತಿತ್ತು. ಮೊದಲು ಗಟ್ಟಿ ಸದ್ದಿತ್ತು. ದಿನದಿನಕ್ಕೆ ತೆಳ್ಳಗಾಯಿತು. ನಾನೊಬ್ಬಳೇ ನುಂಗಿದರೆ ಅಷ್ಟು ಬೇಗ ತೆಳ್ಳಗಾಗುವುದಿಲ್ಲ.

"ಅವ್ವಾರ, ಮಾತ್ರಿ ಕಡಿಮಿ ಆಗ್ಯಾವು ಅನಸ್ತದ."

"ನಾ ತಿಂತೀನೇನ ನಿನ್ನ ಮಾತ್ರಿ?"

ಆಮೇಲೆ ಒಂದು ಬೆಳಿಗ್ಗೆ ಕಲ್ಲಿನ ಮೇಲೆ ಏನೂ ಇರಲಿಲ್ಲ. ಕಲ್ಲವ್ವ ಬಾಗಿಲಲ್ಲೇ ನಿಂತಳು.

"ಇವತ್ತ ಪ್ರತಿಭಾಗ ಭಾಳ ತ್ರಾಸ ಆಗೇದ. ನಾಳೆ ಬಾ."

"ಅಕ್ಕಾರಿಗೆ ತ್ರಾಸ ಆದ್ರ ನನ್ನ ಮಾತ್ರಿಗೆ ಏನಾತ್ರಿ?"

"ಬಾಯಿ ಭಾಳ ಆತು ನಿಂದು. ನೀ ಈಗ ನೆಟ್ಟಗ ಅದೀಯಲ್ಲ. ಕೊಡ ಹೊರ್ತಿ. ಒಂದ ದಿನ ಬಿಟ್ರ ಸಾಯಂಗಿಲ್ಲ. ಆಕಿಗೆ ಎರಡ ಹೆಣ್ಣ ಮಕ್ಕಳು ಮದಿವಿಗೆ ಬಂದಾವು."

"ನನಗೂ ಮಕ್ಕಳು ಅದಾರ್ರಿ."

"ನಿಮ್ಮ ಮಕ್ಕಳು ಹೆಂಗರ ಬೆಳೀತಾವು ಬಿಡು."

ಆ ಮಾತು ಕೇಳಿದ ಮೇಲೆ ನಾನು ಹಿತ್ತಲಲ್ಲಿ ನಿಲ್ಲಲಿಲ್ಲ. ಮನೆ ಸುತ್ತು ಹಾಕಿ ಮುಂದೆ ಬಂದೆ. ಮೆಟ್ಟಿಲು ಹತ್ತಿದೆ. ಜಗಲಿಯಲ್ಲಿ ಮಧುಕೇಶ್ವರ ಪೇಪರು ಹಿಡಿದು ಕೂತಿದ್ದ. ನಾನು ಹೊಸ್ತಿಲು ದಾಟಿದ್ದು ಅವನಿಗೆ ತಕ್ಷಣ ತಿಳಿಯಲಿಲ್ಲ. ಯಾಕೆಂದರೆ ಅಂಥದ್ದು ಆಗಬಹುದು ಅಂತ ಅವನ ತಲೆಯಲ್ಲೇ ಇರಲಿಲ್ಲ. ತಿಳಿದ ಮೇಲೆ ಪೇಪರು ಕೆಳಗೆ ಬಿತ್ತು.

"ಏ ತಿಮ್ಮಿ. ಎಲ್ಲಿಗೆ ಹೊಂಟಿ?"

"ನನ್ನ ಮಾತ್ರಿ ಇದ್ದಲ್ಲಿಗೆ."

"ಹೊರಗ ನಡಿ. ಅರ್ಧ ಅರ್ಧ ಮಾಡಿಕೊಳ್ಳೂಣ ಅಂತ ನಾನ ಬೀರನ ಕೂಡ ಮಾತಾಡ್ತೀನಿ. ನೀ ಹೊರಗ ನಡಿ."

"ಇಲಿಗೆ, ಮಂಗ್ಯಾಗ, ತಿಮ್ಮಿಗೆ. ಆಮ್ಯಾಲೆ ನಿಮಗ ಅಂದಿದ್ರಿ. ನನ್ನ ಸರದಿ ಇನ್ನೂ ಮುಗದಿಲ್ಲ ಗೌಡ್ರ."

ಅವನು ಎದ್ದ. ಅಡ್ಡ ಬಂದ. ಆದರೆ ಮುಟ್ಟಿ ತಡೆಯಬೇಕಲ್ಲ. ಕೈ ಎತ್ತಿದವನು ಅರ್ಧಕ್ಕೇ ನಿಲ್ಲಿಸಿದ. ಆಸ್ಪತ್ರೆಯಲ್ಲಿ ಬೀರನ ಬೆನ್ನು ತಟ್ಟಿದ ಕೈ, ಸ್ವಂತ ಮನೆಯೊಳಗೆ ನನ್ನನ್ನು ಮುಟ್ಟಲು ಹೇಸಿತು. ಅವನ ಹೇಸಿಗೆಯೇ ನನಗೆ ದಾರಿ ಬಿಟ್ಟಿತು. ನಾನು ಒಳಗೆ ಹೋದೆ.

ಡಬ್ಬಿ ಕಪಾಟಿನಲ್ಲಿ ಇರಲಿಲ್ಲ. ಪ್ರತಿಭಾಳ ದಿಂಬಿನ ಪಕ್ಕದಲ್ಲಿತ್ತು. ನನ್ನ ಹೆಸರು ಅವಳ ಮುಖದ ಕಡೆ ತಿರುಗಿತ್ತು. ಅವಳು ಬಹಳ ಇಳಿದುಹೋಗಿದ್ದಳು. ತುಟಿ ಬಿಳಚಿಕೊಂಡಿತ್ತು. ಮುಂಗೈ ಮೇಲೆ ನೀಲಿ ಕಲೆಗಳು. ನಾನು ಡಬ್ಬಿಗೆ ಕೈ ಹಾಕಿದೆ. ಅವಳೂ ಹಾಕಿದಳು. ಅವಳ ಕೈಯಲ್ಲಿ ಬಲ ಇರಲಿಲ್ಲ. ನನ್ನ ಕೈಯಲ್ಲಿ ಇತ್ತು.

"ಬಿಡ ಪ್ರತಿಭಾ" ಅಂದೆ. ಅಕ್ಕಾರ ಅನ್ನಲಿಲ್ಲ. ಶಾಲೆ ಬಿಟ್ಟ ಮೇಲೆ ಅವಳ ಹೆಸರು ಹಿಡಿದದ್ದು ಅವತ್ತೇ.

"ನಿನಗ್ಯಾಕ ಬಂತು ಅದು?" ಅವಳ ದನಿ ಸಣ್ಣಗಿತ್ತು. "ಒಂದ ರೋಗ. ಒಂದ ದಿನ ಹೋದ್ವಿ. ನಿನಗ್ಯಾಕ, ನನಗ್ಯಾಕ ಇಲ್ಲ?"

"ಸಾಲ್ಯಾಗ ಮುಂದಿನ ಬೆಂಚು ನಿನಗ್ಯಾಕ ಬಂತು? ನಾ ಚಪ್ಪಲಿ ಹತ್ರ ಯಾಕ ಕುಂತಿದ್ದೆ? ಆವಾಗ ನೀ ಕೇಳಿದ್ಯಾ?"

ಅವಳು ಕಿಟಕಿಯ ಕಡೆ ನೋಡಿದಳು. "ದಿನಾ ನೀ ಕೊಡ ಹೊತ್ತ ಹೋಗೂದ ನೋಡ್ತಿದ್ದೆ. ನನ್ನ ಹೊಟ್ಟಿ ಉರೀತಿತ್ತು ತಿಮ್ಮಿ. ಕ್ಯಾನ್ಸರಕಿಂತ ಹೆಚ್ಚ ಉರೀತಿತ್ತು."

"ನನಗ ಮೂವತ್ತೈದ ವರ್ಷ ಆತು ಉರ್ಯಾಕತ್ತಿ. ರೂಢಿ ಆಗ್ತದ."

ಡಬ್ಬಿ ಬಿಚ್ಚಿದೆ. ಒಂದು ಮಾತ್ರೆ ಬಾಯಿಗೆ ಹಾಕಿಕೊಂಡೆ. ಬಾಗಿಲಲ್ಲಿ ಕಲ್ಲವ್ವ, ಅವಳ ಹಿಂದೆ ಮಧುಕೇಶ್ವರ. ಮಾತ್ರೆ ಒಣ ಗಂಟಲಲ್ಲಿ ಸಿಕ್ಕಿಕೊಂಡಿತು. ಕೆಮ್ಮು ಬಂತು. ಕಣ್ಣಲ್ಲಿ ನೀರು ಬಂತು. ಪ್ರತಿಭಾ ತಾನು ಕುಡಿಯುತ್ತಿದ್ದ ಲೋಟ ನನ್ನ ಕಡೆ ಚಾಚಿದಳು. ಕಲ್ಲವ್ವ ಬಾಗಿಲಿನಿಂದಲೇ "ಪ್ರತಿಭಾ" ಅಂತ ಗದರಿದಳು. ಆ ಮನೆಯಲ್ಲಿ ನನ್ನ ಮುಂದೆ ಲೋಟ ಚಾಚಿದವರು ಯಾರೂ ಇರಲಿಲ್ಲ. ನಾನು ತೆಗೆದುಕೊಳ್ಳಲಿಲ್ಲ. ಉಗುಳು ನುಂಗಿ ನುಂಗಿ ಮಾತ್ರೆ ಇಳಿಸಿದೆ. ಡಬ್ಬಿಯನ್ನು ಎಲೆಅಡಿಕೆ ಸಂಚಿಗೆ ಸೇರಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಬಂದ ಬಾಗಿಲಿನಿಂದಲೇ ಹೊರಗೆ ಹೋದೆ.

ಸಂಜೆ ಬೀರನಿಗೆ ತೋಟಕ್ಕೆ ಬರಬೇಡ ಅಂತ ಹೇಳಿ ಕಳಿಸಿದರು.

ಮುಂದಿನ ಸಲ ಹುಬ್ಬಳ್ಳಿಗೆ ಹೋದಾಗ ಪ್ರತಿಭಾಳೂ ಬಂದಿದ್ದಳು. ಅವಳು ಕಾರಿನಲ್ಲಿ, ನಾನು ಶಿರಸಿ ಬಸ್ಸಿನಲ್ಲಿ ನಿಂತುಕೊಂಡು. ಇಂಜೆಕ್ಷನ್ ಕೋಣೆಯಲ್ಲಿ ಒಬ್ಬರ ಪಕ್ಕ ಒಬ್ಬರು ಕೂತೆವು. ಉಲ್ಲಾಸ ಡಾಕ್ಟರು ಅವಳ ರಕ್ತದ ವರದಿ ಹಿಡಿದು ಬಂದರು. ಮುಖ ಗಂಭೀರ ಇತ್ತು.

"ಕಾಯಿಲೆ ಕಡಿಮೆಯಾಗಿದೆ. ಹಳೇ ಇಂಜೆಕ್ಷನ್‌ಗೆ ಇಷ್ಟು ಕಡಿಮೆಯಾಗುತ್ತದೆ ಅಂತ ನಾವು ಅಂದುಕೊಂಡಿರಲಿಲ್ಲ. ಆದರೆ ರಕ್ತದ ಕಣ ಅಪಾಯದ ಮಟ್ಟಕ್ಕೆ ಇಳಿದಿವೆ. ಇದು ನನಗೆ ಅರ್ಥವಾಗ್ತಿಲ್ಲ. ಬೇರೆ ಔಷಧ ಏನಾದರೂ ತಗೊಂಡಿದ್ದೀರಾ? ಮರೆಮಾಚಬೇಡಿ."

"ಏನೂ ಇಲ್ರಿ ಸರ್" ಅಂದ ಮಧುಕೇಶ್ವರ. "ನಿಮ್ಮ ಇಂಜೆಕ್ಷನ್ ಅಷ್ಟ."

ಪ್ರತಿಭಾ ತಲೆ ತಗ್ಗಿಸಿದಳು.

ನಾನು ಸುಮ್ಮನಿರಬಹುದಿತ್ತು. ಬಾಯಿ ಬಿಟ್ಟರೆ ನನ್ನ ಮಾತ್ರೆಯೂ ನಿಲ್ಲಬಹುದು. ಹೊತ್ತು ತಪ್ಪಿ ನುಂಗಿದ್ದೇನೆ, ಡಬ್ಬಿ ಬೇರೆಯವರ ಮನೆಯಲ್ಲಿತ್ತು. ಪರೀಕ್ಷೆಯಿಂದ ತೆಗೆದುಹಾಕಿದರೆ ನನ್ನ ಬೆನ್ನು ಮತ್ತೆ ಮುರಿಯುತ್ತದೆ. ಇದೆಲ್ಲ ಆ ಕುರ್ಚಿಯಲ್ಲಿ ಕೂತು ಯೋಚಿಸಿದೆ. ಆದರೆ ಡಾಕ್ಟರು ಹಳೇ ಇಂಜೆಕ್ಷನ್ ಅಂದದ್ದು ಎದೆಗೆ ಹತ್ತಿಕೊಂಡಿತು. ನನ್ನ ಮಾತ್ರೆ ನುಂಗಿ ಅವಳು ಸುಧಾರಿಸಿದಳು. ಹೆಸರು ಇಂಜೆಕ್ಷನ್‌ಗೆ ಹೋಗುತ್ತದೆ. ಹೊಸ ಮಾತ್ರೆ ಏನೂ ಹೆಚ್ಚಲ್ಲ ಅಂತ ಬರೆಯುತ್ತಾರೆ. ನಾನು ವಾಂತಿ ಮಾಡಿಕೊಂಡು ಬಿದ್ದುಕೊಂಡದ್ದೆಲ್ಲ ದಂಡ. ಅನಾನಸು ನಾನು ಕೊಯ್ದೆ, ಶಾಲು ಅವನು ಹೊದ್ದ. ಇಲ್ಲೂ ಅದೇ ಆಗಬೇಕಾ?

"ನನ್ನ ಮಾತ್ರಿ ನುಂಗ್ಯಾಳ್ರಿ" ಅಂದೆ.

ಚೇತನಾ ನನ್ನ ಹತ್ತಿರ ಬಂದು ಬಗ್ಗಿದಳು.

"ಎಂತ ಹೇಳ್ತಾ ಇದ್ದೀರಿ ತಿಮ್ಮವ್ವ? ನೀವು ಕೊಟ್ಟಿರಾ?"

"ಕೊಟ್ಟಿಲ್ಲ. ಕಸಗೊಂಡಾರ. ನಾ ಅವರ ಹಿತ್ತಲದಾಗ ಎಂಜಲ ಕಲ್ಲಿನ ಮ್ಯಾಲಿಂದ ನನ್ನ ಮಾತ್ರಿ ಆರಿಸಿ ತಿಂದೀನಿ. ಒಂದ ದಿನ ಅದನ್ನೂ ಕೊಡಂಗಿಲ್ಲ ಅಂದಾರ. ಬರ್ಕೋರಿ. ಆಕಿಗೆ ಕಡಿಮಿ ಆಗಿದ್ದ ನನ್ನ ಮಾತ್ರಿಯಿಂದ. ಅದನ್ನೂ ಬರ್ಕೋರಿ."

"ಈ ಮಂದಿ ಮಾತ ನಂಬತೀರೇನ ಸರ್?" ಅಂದ ಮಧುಕೇಶ್ವರ.

ಪ್ರತಿಭಾ ತಲೆ ಎತ್ತಿದಳು. "ಹೌದ್ರಿ ಡಾಕ್ಟ್ರ" ಅಂದಳು. "ನುಂಗೀನಿ."

ಡಾಕ್ಟರು ಮಧುಕೇಶ್ವರನನ್ನು ಹೊರಗೆ ಕಳಿಸಿದರು. ಅವಳ ರಕ್ತಕ್ಕೆ ಅವತ್ತೇ ಬೇರೆ ಔಷಧ ಶುರು ಮಾಡಿದರು. ಪರೀಕ್ಷೆಯಲ್ಲಿ ಅವಳನ್ನು ಮುಂದುವರಿಸುವುದಿಲ್ಲ, ಚಿಕಿತ್ಸೆ ಮುಂದುವರಿಸುತ್ತೇವೆ ಅಂದರು. ನನ್ನ ವಿಷಯ ಮೇಲಿನವರನ್ನು ಕೇಳಬೇಕು ಅಂದರು. ಸಂಜೆಯವರೆಗೆ ಕಾರಿಡಾರಿನಲ್ಲಿ ಕಾದೆ. ಬೀರ ನನ್ನ ಮುಖ ನೋಡಲಿಲ್ಲ. "ಇದ್ದದ್ದನ್ನೂ ಕಳಕೊಂಡಿ" ಅಂದ. ನನಗೆ ಹೆದರಿಕೆಯಿಂದ ಉಚ್ಚೆ ಬರುವ ಹಾಗಾಗಿತ್ತು. ಆದರೂ ಹೇಳಿದ್ದನ್ನು ವಾಪಸು ತಗೊಳ್ಳಬೇಕು ಅನಿಸಲಿಲ್ಲ.

ಸಂಜೆ ಚೇತನಾ ಹೊಸ ಡಬ್ಬಿ ಹಿಡಿದು ಬಂದಳು. ಹೆಸರು ಬರೆದಿತ್ತು. ರೂಢಿಯಿಂದ ಬೀರ ಕೈ ಚಾಚಿದ. ಅವನ ಕೈ ಮೇಲೆ ಒಂದು ಪೆಟ್ಟು ಕೊಟ್ಟು ನಾನೇ ತೆಗೆದುಕೊಂಡೆ. ಚೇತನಾ ಮುಖ ತಿರುಗಿಸಿ ನಕ್ಕಳು.

ಈಗ ಬೀರ ಸಿದ್ದಾಪುರದ ಕಡೆ ಕಲ್ಲು ಕಡಿಯಲು ಹೋಗುತ್ತಾನೆ. ಗುಡಿಸಲು ತೆಗೆಯಿರಿ ಅಂತ ಎರಡು ಸಲ ಹೇಳಿ ಕಳಿಸಿದ್ದಾರೆ. ನಾವು ತೆಗೆದಿಲ್ಲ. ಮಾತ್ರೆ ನನ್ನನ್ನು ಎಷ್ಟು ದಿನ ನಿಲ್ಲಿಸುತ್ತದೋ ಗೊತ್ತಿಲ್ಲ. ಉಲ್ಲಾಸ ಡಾಕ್ಟರಿಗೂ ಗೊತ್ತಿಲ್ಲ. ಪ್ರತಿಭಾ ಬದುಕಿದ್ದಾಳೆ. ಅವಳು ಕಾರಿನ ಹಿಂದಿನ ಸೀಟಿನಲ್ಲಿ ಕಾಲು ಚಾಚಿ ಹುಬ್ಬಳ್ಳಿಗೆ ಹೋಗುವಾಗ, ಬಸ್ಸಿನ ಕಂಬಿ ಹಿಡಿದು ನಿಂತ ನನಗೆ ಈಗಲೂ ಹೊಟ್ಟೆ ಉರಿಯುತ್ತದೆ. ನಾನು ಕೊಡ ಹೊತ್ತು ಕಿಟಕಿಯ ಕೆಳಗೆ ಹಾಯುವಾಗ ಅವಳಿಗೂ ಉರಿಯುತ್ತಿರಬೇಕು. ಉರಿಯಲಿ.

ಮೊನ್ನೆ ಬೀರ ಕಾಡಿನಿಂದ ಜೇನು ಇಳಿಸಿ ತಂದ. ಮುತ್ತುಗದ ಎಲೆಯಲ್ಲಿ ಮೊದಲ ಹಲ್ಲೆ. ಮೊಣಕೈವರೆಗೆ ತುಪ್ಪ ಸುರಿಯುತ್ತಿತ್ತು, ಒಂದು ಕಣ್ಣು ಹುಳ ಕಚ್ಚಿ ಬಾತಿತ್ತು. ಕೇರಿಯ ತಿರುವಿನಲ್ಲಿ ಅವನ ಕಾಲು ದೊಡ್ಡ ಮನೆಯ ಕಡೆಗೆ ಹೊರಳಿತು. ನಾನು ಬಾಗಿಲಲ್ಲಿ ಕೂತು ನೋಡುತ್ತಿದ್ದೆ. ಕೂಗಲಿಲ್ಲ. ಅವನು ಅಲ್ಲೇ ನಿಂತ. ಆಮೇಲೆ ತಿರುಗಿ ನನ್ನ ಮುಂದೆ ಬಂದ.

"ಇದನ್ನ ಎಲ್ಲಿ ಇಡ್ಲಿ?" ಅಂದ.

ನಾನು ಬಾಯಿ ತೆರೆದು ಅವನ ಕೈಗೆ ಒಡ್ಡಿದೆ.